ನೀರು ನಿನ್ನ ಕೈಯಾಗ

ನೀರನ್ನು ನೋಡುವಾಗ ನಮ್ಮ ಸೋದರಮಾವ ರೆಪ್ಪೆ ಬಡಿದದ್ದನ್ನು ನಾನು ಕಂಡಿರಲಿಲ್ಲ. ನಮ್ಮೂರು ಮಲ್ಲಟದ ಹೊಲದ ಬಾವಿಯ ದಂಡೆಯಲ್ಲಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಕೆಂಪಗಾದ ಕಣ್ಣುಗಳನ್ನು ನಮ್ಮ ತಲೆಗಳ ಮೇಲೆ ನೆಟ್ಟಿರುತ್ತಿದ್ದ. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯಲು ಕೈಕಾಲು ಬಡಿಯುತ್ತಿದ್ದ ಮಕ್ಕಳಾದ ನಮಗೆ ಬುರುಡೆಗಿಂತ ಆ ಕಣ್ಣುಗಳೇ ದೊಡ್ಡ ಆಸರೆ.

ಅವನದೊಂದು ಪದ್ಧತಿ ಇತ್ತು. ಮಕ್ಕಳು ನೀರಿನಲ್ಲಿರುವಾಗ ಅವನ ಕೆಂಪು ಅಂಚಿನ ವಲ್ಲಿ, ಅಂದರೆ ಹೆಗಲ ವಸ್ತ್ರ, ಯಾರ ಮೇಲಿದೆಯೋ ಅವರೇ ಕಾವಲು. ಅವರು ಕೂರುವಂತಿಲ್ಲ, ಮುಖ ತಿರುಗಿಸುವಂತಿಲ್ಲ. ಹೋಗಲೇಬೇಕಾದರೆ ವಲ್ಲಿಯನ್ನು ಇನ್ನೊಬ್ಬರ ಹೆಗಲಿಗೆ ಹಾಕಿ “ನೀರು ನಿನ್ನ ಕೈಯಾಗ” ಅನ್ನಬೇಕು. ಅವರು “ಬಂತು” ಅಂದ ಮೇಲೆಯೇ ದಂಡೆ ಬಿಡಬೇಕು. ದಂಡೆಯ ಮೇಲೆ ಎಷ್ಟು ಮಂದಿ ನಿಂತಿದ್ದರೂ ಪ್ರತಿಯೊಬ್ಬರೂ ಪಕ್ಕದವರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ ಎಂಬುದು ಅವನ ವಾದ.

ಒಮ್ಮೆ ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರರು ಭತ್ತದ ಮಾತಿಗೆಂದು ಬಾವಿಯ ತನಕ ಬಂದರು. ಮಾವ ಅವರಿಗೆ ಬೆನ್ನು ಕೊಟ್ಟೇ ಮಾತಾಡಿದ. ಇದೆಂಥ ಮರ್ಯಾದೆ ಎಂದು ಅವರು ಸಿಡುಕಿದರು.

“ಕಿವಿ ನಿಮ್ಮ ಕಡೀನ ಅದಾವ್ರಿ ಸಾವ್ಕಾರ್ರ,” ಅಂದ ಮಾವ. “ಕಣ್ಣಷ್ಟ ಖಾಲಿ ಇಲ್ರಿ.”

ಅದು ನಮ್ಮ ಮನೆಯ ತಮಾಷೆಯ ಮಾತಾಯಿತು. ಒಲೆಯ ಮೇಲೆ ಹಾಲು ಇಟ್ಟಾಗ ಯಾರಾದರೂ ಕರೆದರೆ ಅವ್ವ ಕೂಡ ಕಣ್ಣು ಖಾಲಿ ಇಲ್ಲ ಅನ್ನುತ್ತಿದ್ದಳು.

ನಾನು ಓದು ಮುಗಿಸಿ, ಮದುವೆಯಾಗಿ ರಾಯಚೂರಿಗೆ ಬಂದೆ. ಮಾವ ದೇವದುರ್ಗದಲ್ಲಿ ಮಗಳ ಮನೆ ಸೇರಿದ. ಈ ಬೇಸಿಗೆಯಲ್ಲಿ ನನ್ನ ಆರು ವರ್ಷದ ಮಗಳ ಹುಟ್ಟುಹಬ್ಬಕ್ಕೆಂದು ಊರ ಹೊರಗಿನ ತೋಟದ ಮನೆಯೊಂದರಲ್ಲಿ ನೆಂಟರೆಲ್ಲ ಸೇರಿದೆವು. ಅಲ್ಲಿ ಈಜುಕೊಳವಿತ್ತು. ಮಕ್ಕಳು ನೀರಿಗಿಳಿದಾಗ ಮಾವ ತನ್ನ ವಲ್ಲಿಯನ್ನು ಗಂಭೀರವಾಗಿ ನನ್ನ ಹೆಗಲಿಗೆ ಹಾಕಿದ. ಹಳೆಯ ಕಾಲ ಮರಳಿ ಬಂತೆಂದು ಎಲ್ಲರೂ ನಕ್ಕರು.

ಮಗಳ ಒಣ ಬಟ್ಟೆ ತರಲು ನಾನು ಒಳಗೆ ಹೋಗಬೇಕಾಯಿತು. ವಲ್ಲಿಯನ್ನು ಅವನ ಹೆಗಲಿಗೆ ಹಾಕಿದೆ.

“ಮಾಮಾ, ನೀರು ನಿನ್ನ ಕೈಯಾಗ.”

“ಬಂತವ್ವಾ, ಹೋಗ್ ಬಾ.”

ಲೋಕದಲ್ಲಿ ಬೇರೆ ಯಾರಿಗೆ ಒಪ್ಪಿಸಿದ್ದರೂ ನಾನೊಮ್ಮೆ ತಿರುಗಿ ನೋಡುತ್ತಿದ್ದೆ. ಅವನಿಗೆ ಒಪ್ಪಿಸಿದ್ದಕ್ಕೆ ನೋಡಲಿಲ್ಲ.

ಬಟ್ಟೆ ಹಿಡಿದು ಹೊರಗೆ ಬಂದಾಗ ಗದ್ದಲವೇನೂ ಇರಲಿಲ್ಲ. ಕೂಗಿಲ್ಲ, ನೀರು ಬಡಿದ ಸದ್ದಿಲ್ಲ. ಒಂದು ತುದಿಯಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಆಳದ ಕಡೆ ಕೂದಲು ಮಾತ್ರ ನೀರಿನ ಮೇಲೆ ಹರಡಿಕೊಂಡಿತ್ತು. ಅದರಿಂದ ನಾಲ್ಕು ಮಾರು ದೂರದಲ್ಲಿ, ವಲ್ಲಿ ಹೊದ್ದು ನೇರವಾಗಿ ನಿಂತಿದ್ದ ಮಾವ ರೆಪ್ಪೆ ಬಡಿಯದೆ ಫೋನ್ ನೋಡುತ್ತಿದ್ದ.

ಉಟ್ಟ ಸೀರೆಯಲ್ಲೇ ಹಾರಿದೆ. ಎಳೆದು ತಂದು ದಂಡೆಗೆ ಹಾಕಿದಾಗ ಮಗಳ ತುಟಿ ನೀಲಿಯಾಗಿತ್ತು. ಕೆಮ್ಮಿದಳು, ನೀರು ಕಾರಿದಳು, ಆಮೇಲೆ ಅತ್ತಳು. ಆ ಅಳುವಿನಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಮಾವನ ಹೆಗಲಿನಿಂದ ವಲ್ಲಿ ಕಿತ್ತು ಅವಳಿಗೆ ಸುತ್ತಿದೆ.

“ಆಕೀನ್ನ ನೋಡಾಕತ್ತಿದ್ದೆ ಯವ್ವಾ,” ಅಂದ ಮಾವ.

ಅದು ಸುಳ್ಳಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಚೀಲದಲ್ಲಿದ್ದ ನನ್ನ ಫೋನ್ ಸದ್ದು ಮಾಡುತ್ತಲೇ ಇತ್ತು. ನಮ್ಮ ನೆಂಟರ ಗುಂಪಿಗೆ ಅವನೊಂದು ವಿಡಿಯೊ ಹಾಕಿದ್ದ. ನನ್ನ ಮಗಳು ಕೈ ಬೀಸಿ ನಗುತ್ತ ಈಜುತ್ತಿದ್ದಳು. ಕೆಳಗೆ “ನಮ್ಮ ಮೀನು ನೋಡ್ರಿ” ಎಂದು ಬರೆದಿದ್ದ. ಬರಲಾಗದ ಚಿಕ್ಕಮ್ಮಂದಿರು ಒಬ್ಬರಾದ ಮೇಲೆ ಒಬ್ಬರು ಮೆಚ್ಚಿದ್ದರು, ಅವನು ಕೊಳದ ದಂಡೆಯಲ್ಲಿ ಅದನ್ನೇ ಓದುತ್ತಿದ್ದ. ಮಗು ಎದುರಿನ ನೀರಿನಲ್ಲಿ ಮುಳುಗುವಾಗ ಅವನು ಅಂಗೈಯಲ್ಲಿ ನಗುವ ಅದೇ ಮಗುವನ್ನು ನೋಡುತ್ತ ನಿಂತಿದ್ದ.

ಡಾಕ್ಟರು ಸಂಜೆಯ ತನಕ ಇಟ್ಟುಕೊಂಡು ಮನೆಗೆ ಕಳಿಸಿದರು. ಏನೂ ಆಗಲಿಲ್ಲವಲ್ಲ, ಮುದುಕನಿಗೆ ಏನೂ ಅನ್ನಬೇಡ ಎಂದು ಎಲ್ಲರೂ ನನಗೇ ಬುದ್ಧಿ ಹೇಳಿದರು. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಆ ಕೂದಲು ನೀರಿನ ಮೇಲೆ ಹರಡಿಕೊಳ್ಳುತ್ತದೆ. ಜತೆಗೆ ಆ “ಬಂತವ್ವಾ” ಕೇಳಿಸುತ್ತದೆ. ಅವನು ಆ ಮಾತು ಆಡದಿದ್ದರೆ ನಾನು ಹೋಗುತ್ತಿರಲಿಲ್ಲ. ಅವನು ಬಾವಿಯಲ್ಲಿ ಈಜು ಕಲಿಸದಿದ್ದರೆ ನಾನು ಹಾರುತ್ತಲೂ ಇರಲಿಲ್ಲ. ಎರಡನ್ನೂ ಒಂದೇ ಮನುಷ್ಯನ ಮೇಲೆ ಹೊರಿಸುವುದು ಹೇಗೆಂದು ನನಗಿನ್ನೂ ತಿಳಿದಿಲ್ಲ.

ಬಹಳ ದಿನ ನೀರಿಗೆ ಹೆದರುತ್ತಿದ್ದ ಮಗಳು ಕೊನೆಗೆ ಈಜಲು ಹೋಗೋಣ ಎಂದು ತಾನೇ ಕೇಳಿದಳು. ಈಗ ನಮ್ಮ ಓಣಿಯ ಹತ್ತಿರದ ಕೊಳವೊಂದಕ್ಕೆ ಕರೆದೊಯ್ಯುತ್ತೇನೆ. ವಲ್ಲಿ ನನ್ನಲ್ಲೇ ಉಳಿದಿದೆ. ಹೆಗಲಿಗೆ ಹಾಕಿಕೊಂಡೇ ನಿಲ್ಲುತ್ತೇನೆ. ಕಳೆದ ಭಾನುವಾರ ಮಾವ ದೇವದುರ್ಗದಿಂದ ಬಂದ. ಕೊಳದ ದಂಡೆಯಲ್ಲಿ ನನ್ನ ಪಕ್ಕ ನಿಂತು, ಫೋನ್ ಮನೆಯಲ್ಲಿಟ್ಟು ಬಂದಿದ್ದೇನೆ ಅಂದ. ಆಮೇಲೆ ಕೈ ಚಾಚಿದ.

“ಕಾಲ ನೋಯ್ತಿರ್ಬೇಕು. ಕೊಡವ್ವಾ, ನಾ ನಿಲ್ತೀನಿ.”

“ಇರ್ಲಿ ಮಾಮಾ,” ಅಂದೆ.

ಚಾಚಿದ ಕೈ ಎಷ್ಟು ಹೊತ್ತು ಹಾಗೇ ಇತ್ತೋ, ಅವನ ಮುಖ ಏನಾಯಿತೋ ಗೊತ್ತಿಲ್ಲ. ನನ್ನ ಕಣ್ಣು ಖಾಲಿ ಇರಲಿಲ್ಲ.