ಕಬ್ಬಿಣ ಕೈ ಬೇಡತೈತಿ

ನಮ್ಮತ್ತೆ ತುಳಜಾಬಾಯಿ ಯಾರಪ್ಪನಿಗೂ ಹೆದರಿದವರಲ್ಲ. ಕುರಿಹಟ್ಟಿಗೆ ತೋಳ ಬಂದರೆ ಕೊಡಲಿ ಹಿಡಿದು ತಾವೇ ಮುಂದೆ ಹೋಗುತ್ತಿದ್ದರು. ಅಂಥವರನ್ನು ಒಂದೇ ಒಂದು ಮಾತು ಕುಸಿದು ಕೂರುವಂತೆ ಮಾಡಿತು.

ಈ ಸಲದ ಜಾತ್ರೆಯಲ್ಲಿ, ನಮ್ಮೂರು ನಾಗಣಸೂರಿನ ಬೀರೋಬನ ಗುಡಿಯಲ್ಲಿ ಪೂಜಾರಿ ಕಲ್ಲಣ್ಣನ ಮೈಮೇಲೆ ದೇವರು ಬಂದಾಗ, ಅವನು ಭಂಡಾರದ ಅರಿಶಿನ ಪುಡಿ ತೂರಿ, ಅತ್ತೆಯ ಕಡೆ ಬೆರಳು ಮಾಡಿ, "ಕಬ್ಬಿಣ ನಿನ್ನ ಮನ್ಯಾಗಿನ ಕೈ ಬೇಡತೈತಿ, ಹುಷಾರ್!" ಎಂದುಬಿಟ್ಟ. ನಮ್ಮ ಮನೆಯಲ್ಲಿ ಕಬ್ಬಿಣದ ನಡುವೆ ದುಡಿಯುವವರು ನನ್ನ ಗಂಡ ಅಮೋಲ್ ಒಬ್ಬರೇ. ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯುವ ಕಬ್ಬಿಣದ ವಿದ್ಯುತ್ ಮಗ್ಗ ನಡೆಸುತ್ತಾರೆ.

ಅಂದಿನಿಂದ ಶುರುವಾಯಿತು ನೋಡಿ! ಕುರಿ ಹಿಂದೆ ಹೋದರೂ ಫೋನು, ರೊಟ್ಟಿ ಬಡಿಯುವಾಗಲೂ ಫೋನು. "ಅಮೋಲ್ಯಾ, ಕೈ ಅದಾವಿಲ್ಲೋ?" ಮಗ ಎತ್ತದಿದ್ದರೆ ಅತ್ತೆ ಎದೆ ಬಡಿದುಕೊಳ್ಳುವರು. ಪಾಪ, ಅಮೋಲ್ ಓಡುವ ಮಗ್ಗದ ಮುಂದೆಯೇ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಹರಿದ ನೂಲು ಹುಡುಕುತ್ತಿದ್ದರಂತೆ. ಹೋದ ವಾರ ಅಂಗಿಯ ತೋಳು ಮಗ್ಗಕ್ಕೆ ಸಿಕ್ಕು ಹರಿಯಿತು. "ನೋಡಿದೇನ? ದೇವರು ಸುಳ್ಳ ಹೇಳತಾನೇನ?" ಎಂದು ಅತ್ತೆ ಇನ್ನೂ ಹೆಚ್ಚು ಫೋನು ಮಾಡತೊಡಗಿದರು. ನನಗೂ ಊಟ ಸೇರದಾಯಿತು.

ನಾನು ಬಿ.ಎ. ಪರೀಕ್ಷೆಗೆ ಕಟ್ಟಿದ್ದೇನೆ. ಇಂಗ್ಲಿಷಿನಲ್ಲಿ 'ಸೆಲ್ಫ್ ಫುಲ್‌ಫಿಲ್ಲಿಂಗ್ ಪ್ರಾಫೆಸಿ' ಎಂಬುದನ್ನು ಸರಿಯಾಗಿ ಬಳಸಿ ಒಂದು ವಾಕ್ಯ ಬರೆಯಬೇಕಿತ್ತು. ನುಡಿದಂತೆ ನಿಜವಾದ ಭವಿಷ್ಯವಾಣಿಗಳಿಗೆಲ್ಲ ಹಾಗನ್ನುವಂತಿಲ್ಲ. ಮಳೆ ಬರುತ್ತದೆಂದು ಹೇಳಿ ಮಳೆ ಬಂದರೆ ಅದಲ್ಲ. ನಂಬಿದವರೇ ಆ ನಂಬಿಕೆಯಿಂದ ಏನೇನೋ ಮಾಡಿ ಅದನ್ನು ನಿಜ ಮಾಡಿದರೆ ಮಾತ್ರ ಹಾಗನ್ನಬೇಕು. ಉದಾಹರಣೆ ಹುಡುಕುತ್ತ ಕತ್ತೆತ್ತಿದರೆ ಕಟ್ಟೆಯ ಮೇಲೆ ಅತ್ತೆ, ಕಿವಿಗೆ ಫೋನು.

ಓಡಿಹೋಗಿ ಫೋನು ಕಸಿದುಕೊಂಡೆ. "ಅತ್ತಿ, ಕಬ್ಬಿಣ ಬೇಡಾಕತ್ತಿಲ್ರಿ, ನೀವ ಅವರ ಕೈ ಒಯ್ದು ಅದರ ಬಾಯಾಗ ಇಡಾಕತ್ತೀರಿ!"

ಬೈಗುಳಕ್ಕೆ ಕಾದೆ. ಬರಲಿಲ್ಲ. "ಹೌದ ನೋಡವ್ವಾ. ಇನ್ನ ಮಾಡಂಗಿಲ್ಲ" ಎಂದು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು. ಇಡೀ ಮಧ್ಯಾಹ್ನ ಫೋನು ಮಾಡಲಿಲ್ಲ.

ಸಂಜೆ ಫೋನು ತಾನೇ ರಿಂಗಾಯಿತು. ಅಮೋಲ್! "ಯವ್ವಾ, ಯಾಕ ಫೋನ್ ಮಾಡಿಲ್ಲ? ಮನ್ಯಾಗ ಏನಾಗೇತಿ? ನನಗ ಕೆಲಸದಾಗ ಮನಸ ನಿಲ್ಲವಲ್ದು!" ಅವರ ಮಾತಿನ ಹಿಂದೆ ಮಗ್ಗ ಖಟಖಟ ಓಡುತ್ತಲೇ ಇತ್ತು.

"ಮೊದಲ ಮಗ್ಗ ನಿಲ್ಲಸೋ! ಫೋನ್ ಇಡೋ!" ಅತ್ತೆ ಚೀರಿದರು.

"ಚೀರತಿ ಯಾಕ? ಏನಾಗೇತಿ ಹೇಳ ಮೊದಲ!" ಎಂದು ಅಮೋಲ್ ಕೂಡ ಚೀರುತ್ತಿದ್ದರು. ಫೋನು ಇಡಲೇ ಇಲ್ಲ.