ಸೋಸುವ ಅರಿವೆ ಮತ್ತು ನಮ್ಮ ಗುಮಾನಿ

ಅವತ್ತು ನಮ್ಮ ಮನೆಯ ಕಟ್ಟೆಯ ಮೇಲೆ ಆರು ಮಂದಿ ಇದ್ದೆವು. ಕಂಬಕ್ಕೆ ಒರಗಿ ಕಾಲು ಚಾಚಿದವನು ನಾನು. ನನ್ನ ಹಿಮ್ಮಡಿಯ ಹುಣ್ಣಿನಿಂದ ಇಣುಕಿದ ನಾರಿನ ಹುಳವನ್ನು ಕಸಬರಿಗೆಯ ಕಡ್ಡಿಗೆ ಸುತ್ತುತ್ತಿದ್ದವಳು ಅವ್ವ. ಬಾಗಿಲ ಮರೆಯಲ್ಲಿ ಹೆಂಡತಿ. ಆಕೆ ನಮ್ಮ ಮನೆ ತುಂಬಿ ಎರಡು ವರ್ಷವಾಗಿತ್ತು. ಆಚೆ ತಮ್ಮ, ಅವನ ಬದಿಗೆ ನೆರೆಮನೆಯ ಮುದುಕ. ಎಲ್ಲರ ನಡುವೆ ಹೊರಸಿನ ಮೇಲೆ, ಕುಷ್ಟಗಿ ಕಡೆಯಿಂದ ಕುದುರೆಯ ಮೇಲೆ ಬಂದಿದ್ದ ದವಾಖಾನೆಯ ಸಾಹೇಬರು.

ನಾರುಹುಣ್ಣು ನೋಡದವರಿಗೆ ಹೇಳುತ್ತೇನೆ. ಮೊದಲು ಒಂದು ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ, ಒಡೆಯುತ್ತದೆ. ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ದಿನಕ್ಕೆ ಒಂದು ಬೆರಳು, ಎರಡು ಬೆರಳು ಮಾತ್ರ ಸುತ್ತಬೇಕು. ಅವಸರ ಮಾಡಿ ಎಳೆದರೆ ಹರಿಯುತ್ತದೆ, ಕಾಲು ಕುಂಬಳಕಾಯಿ ಆಗುತ್ತದೆ. ನನಗೆ ಇದು ಸಾಲಾಗಿ ಮೂರನೆಯ ಬೇಸಿಗೆ. ಮಿರಗದ ಮಳೆಗೆ, ಅಂದರೆ ಮೃಗಶಿರೆಗೆ, ಊರೆಲ್ಲ ಬಿತ್ತಲು ಹೋದರೆ ನಾನು ಹೊರಸಿನ ಮೇಲೆ. ನನ್ನ ಕೂರಿಗೆಯನ್ನು ತಮ್ಮ ಹೊಡೆಯುತ್ತಿದ್ದ. ಒಕ್ಕಲಿಗನಾಗಿ ಹುಟ್ಟಿ ಬಿತ್ತಿಗೆಯ ಹೊತ್ತಿಗೆ ಕಾಲು ನೀಡಿ ಮಲಗುವುದೆಂದರೆ, ಅದು ಬರೀ ಕಾಲಿನ ನೋವಲ್ಲ.

ಸಾಹೇಬರು ಉರ್ದು ಬೆರೆಸಿದ ಕನ್ನಡದಲ್ಲಿ ಹೇಳಿದರು: "ಈ ಹುಳದ ಬೀಜ ನಿಮ್ಮ ಮೆಟ್ಟಿಲ ಬಾವಿ ನೀರಾಗ ಅದ. ಕಣ್ಣಿಗೆ ಕಾಣೂದಿಲ್ಲ. ಕುಡಿದ ಮ್ಯಾಲೆ ಒಂದು ಸಾಲ್, ಒಂದು ವರ್ಷ, ಮೈಯಾಗ ಬೆಳೀತದ. ಅರಿವಿ ಎರಡು ಪದರ ಮಾಡಿ ಸೋಸಿ ಕುಡೀರಿ. ನಾರು ಎದ್ದವರು ಬಾವ್ಯಾಗ ಕಾಲು ಇಡಬ್ಯಾಡ್ರಿ. ಇಷ್ಟ."

"ಇಷ್ಟು ಹೇಳಾಕ ಅಷ್ಟು ದೂರದಿಂದ ಬಂದ್ರೇನ್ರಿ ಸಾಹೇಬ್ರ?" ಎಂದ ಮುದುಕ. "ಇದರ ಹಿಂದ ಏನೈತಿ ಅದನ್ನ ಹೇಳ್ರಿ."

"ಹಿಂದ ನನ್ನ ಕುದುರಿ ಐತಿ, ಅಜ್ಜಾ."

ಯಾರೂ ನಗಲಿಲ್ಲ. ಸಾಹೇಬರು ಹೋಗುವಾಗ ಬಾವಿಯ ಮೆಟ್ಟಿಲು ಎಣಿಸಿದ್ದನ್ನು ತಮ್ಮ ನೋಡಿದ್ದ. ಬಾವಿ ಮುಚ್ಚುತ್ತಾರೆ ಎಂದರು ಕೆಲವರು. ಇಲ್ಲ, ನೀರಿಗೂ ಕಂದಾಯದ ಪಟ್ಟಿ ಹಾಕುತ್ತಾರೆ ಎಂದರು ಇನ್ನು ಕೆಲವರು. ನಿಜಾಮರ ಸರಕಾರ ಪುಕ್ಕಟೆ ಏನಾದರೂ ಕೊಟ್ಟಿದ್ದನ್ನು ನಮ್ಮ ಸೀಮೆಯವರು ಕಂಡಿರಲಿಲ್ಲ. ಅದು ಬುದ್ಧಿಮಾತೇ ಆದರೂ ಗುಮಾನಿ.

ಮರುದಿನ ಹೆಂಡತಿ ನನ್ನ ಹಳೆಯ ಧೋತರ ಹರಿದು, ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿದಳು.

"ನಾನು ಹೊತ್ತು ತಂದ ನೀರು ನಿನಗ ಹೊಲಸಾತೇನವಾ?" ಎಂದಳು ಅವ್ವ.

"ನಿಮ್ಮ ನೀರಿಗಲ್ಲ ಅತ್ತಿ, ಹುಳಕ್ಕ."

"ಹುಳ ಎಲ್ಲೈತಿ, ತೋರ್ಸು."

ತೋರಿಸುವುದೆಲ್ಲಿಂದ? ನನಗೂ ಆಕೆಯ ಮೇಲೆ ಸಣ್ಣ ಅನುಮಾನ ಇತ್ತೆನ್ನಿ. ಪರ ಊರಿನ ಹೆಣ್ಣು, ಬಂದು ಎರಡೇ ವರ್ಷಕ್ಕೆ ನಮ್ಮ ನೀರಿನಲ್ಲೇ ಕುಂದು ಹುಡುಕುತ್ತಾಳಲ್ಲ ಎಂದು. ಆದರೆ ಆಕೆಗೆ ಬೇಕಾಗಿದ್ದುದು ಒಂದೇ: ಬಿತ್ತುವಾಗ ನಾನು ಎತ್ತು ಹೊಡೆಯಬೇಕು, ತಾನು ಹಿಂದೆ ನಡೆದು ಕೂರಿಗೆಯ ಬಟ್ಟಲಿಗೆ ಬೀಜ ಬಿಡಬೇಕು. ಆ ಮಾತನ್ನು ನನ್ನೆದುರಿಗೆ ಒಮ್ಮೆ ಮಾತ್ರ ಆಡಿದ್ದಳು.

ಕಾಲು ವಾಸಿಯಾಗಿ ಶ್ರಾವಣದಲ್ಲಿ ನಾನು ಹೊಲಕ್ಕೆ ಹೋಗತೊಡಗಿದೆ. ಬುತ್ತಿಯ ಗಂಟಿನಲ್ಲಿ ಇನ್ನೊಂದು ತುಂಡು ಅರಿವೆ ಇಡುತ್ತಿದ್ದಳು. ಹೊಲದ ಬದಿಗೂ ಒಂದು ಮೆಟ್ಟಿಲ ಬಾವಿ. ಸಂಜೆ ಗಂಟು ಬಿಚ್ಚಿ ನೋಡುತ್ತಿದ್ದಳು.

"ಅರಿವಿ ಒಣಗೈತಲ್ರಿ?"

"ಬಿಸಲಿಗೆ ಒಣಗೇತಿ."

ಮರುದಿನ ಆಕೆ ಅರಿವೆಯ ಮಡಿಕೆಯ ಮೂಲೆಗೆ ಸೂಜಿಯಿಂದ ಒಂದೇ ಒಂದು ಹೊಲಿಗೆ ಹಾಕಿ ಕಳಿಸಿದ್ದಾಳೆ, ನನಗೇನು ಗೊತ್ತು. ಅರಿವೆ ಬಿಚ್ಚಿದ್ದರೆ ಹರಿಯಬೇಕಿದ್ದ ಆ ಹೊಲಿಗೆ ಸಂಜೆ ಹಾಗೇ ಇತ್ತು.

"ಬ್ಯಾರೆಯವರ ಗಂಡಂದಿರು ಎಲ್ಲೆಲ್ಲೋ ಹೋಗಿ ಬಂದು ಸುಳ್ಳು ಹೇಳ್ತಾರ," ಎಂದಳು. "ನೀವು ಬಾವಿಗಿ ಹೋಗಿ ಬಂದು ಸುಳ್ಳು ಹೇಳ್ತೀರಿ!"

ತಮ್ಮ ಬಿದ್ದು ಬಿದ್ದು ನಕ್ಕ. "ಅಣ್ಣಾ, ಸಿಕ್ಕಿ ನೋಡು! ಅತ್ತಿಗಿ ಪೊಲೀಸ್ ಪಟೇಲಕಿ ಮಾಡಾಕ ಛಲೋ ಅದಾಳ."

ಮುಚ್ಚಿಟ್ಟು ಫಲವಿಲ್ಲವೆಂದು ಖರೆ ಹೇಳಿದೆ. ಮಧ್ಯಾಹ್ನ ಗಂಟಲು ಒಣಗಿದಾಗ ಅರಿವೆ ನೆನಪಾಗುವುದಿಲ್ಲ, ಕೈ ತಾನೇ ನೀರಿಗೆ ಹೋಗುತ್ತದೆ ಎಂದೆ. ಸಿಟ್ಟಿಗೇಳುತ್ತಾಳೆ ಅಂದುಕೊಂಡಿದ್ದೆ. ಆಕೆ ಆ ಹೊಲಿಗೆ ಬಿಚ್ಚುತ್ತ, "ಹಂಗಾದ್ರ ನೀರಡಿಕಿ ಆಗೂಕಿಂತ ಮೊದಲ ಸೋಸ್ರಿ," ಎಂದಳು.

ಮರುದಿನವೇ ಹೊಲದ ಬೇವಿನ ಗಿಡದ ಬುಡಕ್ಕೆ ಒಂದು ಗಡಿಗೆ ಹೂಳಿಟ್ಟೆವು. ಗಡಿಗೆ ಸೋಸಿ ತುಂಬದೆ ಎತ್ತಿನ ಹೆಗಲಿಗೆ ನೊಗ ಇಡಬಾರದು, ಇದು ಕಟ್ಟಳೆ. ಮೊದಲ ಎಂಟು ದಿನ ಬೇಸರ. ಆಮೇಲೆ ನಾನು ಮರೆತು ನಿಂತರೆ ಎತ್ತುಗಳೇ ಗಡಿಗೆಯ ಕಡೆ ನೋಡುತ್ತವೆ ಎನ್ನಿಸುತ್ತಿತ್ತು. ಮೈಗೆ ಒಳ್ಳೆಯದಾಗುವ ಯಾವುದನ್ನಾದರೂ ಹೊಸದಾಗಿ ಹಿಡಿಯಬೇಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಬಾಯಾರಿದಾಗ ಬುದ್ಧಿವಂತನಾಗಿರುತ್ತೇನೆಂದು ನಿಮ್ಮನ್ನು ನೀವು ನಂಬಬೇಡಿ. ದಿನಾ ತಪ್ಪದೆ ಮಾಡುವ ಹಳೆಯ ಕೆಲಸವೊಂದರ ಕೊರಳಿಗೆ ಹೊಸದನ್ನು ಕಟ್ಟಿ. ತಪ್ಪಿದ ದಿನ ಖರೆ ಹೇಳಿ. ಸುಳ್ಳಿನ ಮೇಲೆ ರೂಢಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮುಂದಿನ ಚೈತ್ರದಲ್ಲಿ ನನ್ನ ಮೊಣಕಾಲ ಕೆಳಗೆ ಬೊಬ್ಬೆ ಎದ್ದಿತು.

ಅವ್ವ ಕಡ್ಡಿ ಹಿಡಿದು ಕೂತಳು. "ಸೋಸಿದ್ದೇ ಸೋಸಿದ್ದು! ಇಷ್ಟು ವರ್ಷ ಒಂದು ಕಾಲಿಗೆ ಏಳ್ತಿತ್ತು, ಈಗ ಇನ್ನೊಂದು ಕಾಲಿಗೆ ಬಂತು. ಆ ಅರಿವ್ಯಾಗ ಏನೋ ಐತಿ."

"ಇದು ಹ್ವಾದ ಬ್ಯಾಸಗಿಯಾಗ ಕುಡದ ನೀರು, ಅತ್ತಿ. ಸಾಹೇಬ್ರು ಒಂದು ಸಾಲ್ ಅಂದಿರಲಿಲ್ಲೇನು?"

"ಕಣ್ಣಿಗೆ ಕಾಣದ ಹುಳ, ಹ್ವಾದ ವರ್ಷದ ನೀರು! ಎಲ್ಲಾ ಸಾಕ್ಷಿ ಇಲ್ಲದ ಮಾತ."

ಅವ್ವನ ಮಾತೇ ನನಗೆ ಸರಿ ಕಂಡಿತು, ಸುಳ್ಳು ಹೇಳಲಾರೆ. ಅರಿವೆ ಕಿತ್ತು ಬಿಸಾಡು ಎಂದು ಹೆಂಡತಿಗೆ ಹೇಳಿದೆ. ಆಕೆ ಬಿಸಾಡಲಿಲ್ಲ, ವಾದಿಸಲೂ ಇಲ್ಲ. "ಇನ್ನೊಂದು ಮಿರಗ ನೋಡ್ರಿ. ಅವಾಗೂ ಎದ್ರ ಒಲಿಗೆ ನಾನ ಹಾಕ್ತೀನಿ," ಎಂದಳು, ನಾನು ಒಪ್ಪಿದೆ. ಆ ವರ್ಷವೂ ತಮ್ಮನೇ ಬಿತ್ತಿದ. ಮನೆಯಲ್ಲಿ ಸೋಸಿದ್ದನ್ನು ಕುಡಿದರೂ ಹೊಲದಲ್ಲಿ ಅವನು ಮೆಟ್ಟಿಲಿಳಿದು ಬೊಗಸೆಯಲ್ಲೇ ಕುಡಿಯುತ್ತಿದ್ದ. "ನನಗೇನಾಗೇತಿ, ಗಟ್ಟಿ ಅದೀನಿ," ಎನ್ನುತ್ತಿದ್ದ. ನಾನು ಮಾತ್ರ ಕಾಲು ವಾಸಿಯಾದದ್ದೇ ಮತ್ತೆ ಗಡಿಗೆ ತುಂಬತೊಡಗಿದೆ. ನಂಬಿಕೆಯಿಂದಲ್ಲ, ಇನ್ನೊಂದು ಮಿರಗ ಎಂದು ಒಪ್ಪಿದ ಮಾತಿಗೆ. ನಂಬಿಕೆ ಬರುವತನಕ ಕಾಯುತ್ತ ಕೂತಿದ್ದರೆ ಆಗುತ್ತಿರಲಿಲ್ಲ. ಕೈ ಮುಂದೆ ಹೋಗುತ್ತದೆ, ಮನಸ್ಸು ಹಿಂದಿನಿಂದ ಗೊಣಗುತ್ತ ಬರುತ್ತದೆ.

ಅದರ ಮುಂದಿನ ಚೈತ್ರ ಬಂತು. ಸೊಳ್ಳೆ ಕಡಿದು ತುರಿಸಿದರೂ ಕಾಲನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಅವ್ವ ದಿನಾ ಮುಂಜಾನೆ ನನ್ನ ಎರಡೂ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ವೈಶಾಖ ಕಳೆಯಿತು. ರೋಹಿಣಿ ಮಳೆ ಹನಿಯಿತು. "ಇನ್ನೂ ದಿನ ಅದಾವ," ಎನ್ನುತ್ತಲೇ ಇದ್ದಳು ಅವ್ವ.

ಮಿರಗ ಕೂಡಿದ ಮೂರನೆಯ ದಿನ ಮಳೆ ಹದವಾಗಿ ಬಿತ್ತು. ನಾನು ಎತ್ತು ಹೊಡೆದೆ, ಹೆಂಡತಿ ಹಿಂದೆ ನಡೆಯುತ್ತ ಬಟ್ಟಲಿಗೆ ಸಜ್ಜೆ ಬಿಟ್ಟಳು. ಅಂದು ಸಂಜೆಯೇ ತಮ್ಮನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಅವನು ಬಿತ್ತಬೇಕಿದ್ದ ಹೊಲವನ್ನೂ ನಾವಿಬ್ಬರೇ ಎರಡು ದಿನ ಬಿತ್ತಿದೆವು.