ಯಾವಾಗ, ಎಲ್ಲಿ, ಹ್ಯಾಂಗ

ನಮ್ಮಪ್ಪ ಮಹಾರಾಷ್ಟ್ರದ ಗಡಿಯೂರು ಕಾಸಾರಶಿರಸಿಯ ಕನ್ನಡ ಮಾಸ್ತರ. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುವ ಆ ಊರಲ್ಲಿ ಕನ್ನಡ ತನ್ನೊಬ್ಬನಿಂದಲೇ ಉಳಿದಿದೆ ಎಂಬ ಸೊಕ್ಕು ಅವನಿಗೆ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಅಕ್ಕ, ನಾನು ಆ ದಿನದ ಸುದ್ದಿ ಹೇಳಬೇಕಿತ್ತು. ಎರಡು ವಾಕ್ಯ ಒಂದೇ ಶಬ್ದದಿಂದ ಶುರುವಾದರೆ ತಾಟು ಎಳೆದುಬಿಡುತ್ತಿದ್ದ.

"ಏನ ನಾ ನಾ ಹಚ್ಚೀದಿ? ಯಾವಾಗ, ಎಲ್ಲಿ, ಹ್ಯಾಂಗ, ಅದರಿಂದ ಸುರು ಮಾಡು."

ನಾನು ಬೇಗ ಕಲಿತೆ. ಅಕ್ಕ ಎಷ್ಟೋ ಸಲ ಉಪವಾಸ ಮಲಗಿದಳು. ಊರವರು ಮಾತ್ರ ದೇವರಂಥ ಮಾಸ್ತರ ಎಂದು ಕೈಮುಗಿಯುತ್ತಿದ್ದರು. ಸುಡಲಿ ಆ ದೊಡ್ಡಸ್ತಿಕೆ!

ಅಕ್ಕನನ್ನು ಉದಗೀರದಾಚೆಯ ಜಳಕೋಟದ ಕಿರಾಣಿ ಅಂಗಡಿಯವರಿಗೆ ಕೊಟ್ಟರು. ಹೋದ ವರ್ಷ ನಾನು ಊರಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದು ಪಡಸಾಲೆಯಲ್ಲಿ ನಿಂತಳು.

"ಅಪ್ಪಾ, ನಾ ಇಲ್ಲೇ ಇರ್ತೀನ್ರೀ. ನಾ ಹೊಳ್ಳಿ ಹೋಗಂಗಿಲ್ಲ. ನಾ..."

"ನೆಟ್ಟಗ ಹೇಳು," ಅಂದ ಅಪ್ಪ. ರಿಟೈರ್ ಆದರೂ ಚಾಳಿ ಬಿಟ್ಟಿರಲಿಲ್ಲ.

ಚೊಕ್ಕಾಗಿ ಹೇಳಿದರೆ ಇಟ್ಟುಕೊಳ್ಳುತ್ತಾನೆ ಎಂದುಕೊಂಡಳೋ ಏನೋ, ಅಕ್ಕ ಮುಖ ಒರೆಸಿಕೊಂಡು ನೇರ ನಿಂತಳು.

"ಸೋಮವಾರ ಮುಂಜಾನಿ ಚಹಾ ತಡ ಆತ್ರೀ. ಒಲಿ ಮುಂದ ಅತ್ತಿ ನನ್ನ ಕೂದಲಾ ಹಿಡದಳು. ಬಾಗಲಾ ಹಾಕಿ ಅಂವಾ ಬೆಲ್ಟಿಲೆ ಹೊಡದ. ಸಾವಕಾಶ ಹೊಡದನ್ರೀ, ಅವಸರ ಇಲ್ಲದಂಗ. ಗೋಡಿ ಆಚಿಗೆ ಮಾವ ಟೀವಿ ಆವಾಜ್ ಏರಿಸಿದ. ದಿನಾ ಹಿಂಗ."

ಅವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಅಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಶಾಬಾಸ್! ಒಂದ ಶಬ್ದ ಎರಡ ಸಲ ಸುರು ಆಗಲಿಲ್ಲ. ಈಗ ಬಂತು ನೋಡು ನಿನಗ ಮಾತಾಡ್ಲಿಕ್ಕೆ."

ಅಕ್ಕ ನಕ್ಕಳು. ಜನ್ಮದಲ್ಲಿ ಮೊದಲ ಸಲ ಅಪ್ಪ ಮೆಚ್ಚಿದನಲ್ಲ, ಹುಚ್ಚಿ, ಅದಕ್ಕೆ ನಕ್ಕಳು.

"ಹಂಗಾರ ಇರ್ಲೇನ್ರೀ ಅಪ್ಪಾ?"

"ಇಷ್ಟ ಛಂದ ಮಾತಾಡಾಕಿ, ಅಲ್ಲೇ ಅವರಿಗೆ ತಿಳಿಸಿ ಹೇಳು. ಗಂಡನ ಮನಿ ಬಿಟ್ಟ ಮಗಳನ್ನ ಇಟ್ಕೊಂಡ್ರ ಮಾಸ್ತರಗ ಜನ ಏನಂದಾರು?"

ನಾನು ಅಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ನನ್ನ ಮನೆಗೆ ಕರೆದೊಯ್ಯುತ್ತೇನೆ ಎಂದೆ. ಅಕ್ಕ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು ಎದ್ದು ಚಪ್ಪಲಿ ಮೆಟ್ಟಿದ್ದೇ ತಾನೂ ಹಿಂದೆ ನಡೆದಳು.

ಸಂಜೆಯ ಬಸ್ಸಿನಲ್ಲಿ ಅವಳನ್ನು ಕಿಟಕಿ ಪಕ್ಕ ಕೂಡಿಸಿದ. ಎಲ್ಲಿಗೆ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದ. ಅಕ್ಕ ಮುಷ್ಟಿ ಬಿಗಿದು ಕಿಟಕಿಯತ್ತ ತಿರುಗಿದಳು.

"ಉದಗೀರ. ಏಕ್ ಲೇಡೀಸ್," ಅಂದ ಅಪ್ಪ. ತಿಕೀಟು ಇಸಿದುಕೊಂಡು, ಬಿಗಿಹಿಡಿದಿದ್ದ ಅವಳ ಬೆರಳು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿಟ್ಟು ಇಳಿದು ಬಂದ.